ಮೊದಲು ಯಾರು, ಆಮೇಲೆ ಏನು: ದಿನದ ಇಂಗ್ಲಿಷ್ ಮಾತಿಗೆ ಒಂದು ಮಾರ್ಗದರ್ಶಿ

ಕೊಡಗಿನಲ್ಲಿ ಒಬ್ಬೊಬ್ಬರಿಗೆ ಮೂರು ನಾಲ್ಕು ಭಾಷೆ ಬರುವುದು ಮಾಮೂಲಿ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಪೇಟೆಯಲ್ಲಿ ಕನ್ನಡ, ವಿರಾಜಪೇಟೆ ಕಡೆ ಹೋದರೆ ಮಲಯಾಳ, ಕೆಲವು ತೋಟಗಳ ಲೈನ್ ಮನೆ (ಕೆಲಸದವರ ಸಾಲುಮನೆ) ಹತ್ತಿರ ತಮಿಳು. ಇಷ್ಟು ಭಾಷೆ ಸಲೀಸಾಗಿ ಆಡುವವರೇ ಹೋಂಸ್ಟೇಗೆ ಬಂದ ಗೆಸ್ಟ್ ಎದುರು ಇಂಗ್ಲಿಷಿನಲ್ಲಿ ಎರಡು ಮಾತು ಆಡಲು ತಡವರಿಸುತ್ತಾರೆ. ಪದ ಗೊತ್ತಿಲ್ಲ ಅಂತಲ್ಲ. ರೂಮ್, ಹಾಟ್ ವಾಟರ್, ಬ್ರೇಕ್‌ಫಾಸ್ಟ್, ಟ್ರೆಕ್ಕಿಂಗ್, ಎಲ್ಲ ಗೊತ್ತು. ಆ ಪದಗಳನ್ನು ಸೇರಿಸಿ ಒಂದು ವಾಕ್ಯ ಮಾಡುವಾಗಲೇ ತೊಂದರೆ.

ಈ ತೊಂದರೆಗೆ ಬುದ್ಧಿ ಕಮ್ಮಿ ಅನ್ನೋದು ಕಾರಣವೇ ಅಲ್ಲ. ಕನ್ನಡ ಮತ್ತು ಇಂಗ್ಲಿಷ್ ವಾಕ್ಯ ಕಟ್ಟುವ ರೀತಿಯೇ ಬೇರೆ. ಎಲ್ಲಿ ಬೇರೆ ಅಂತ ಒಮ್ಮೆ ಕಣ್ಣಿಗೆ ಬಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಹೋಂಸ್ಟೇ ನಡೆಸುವವರು, ಮಾಂದಲಪಟ್ಟಿಗೆ ಜೀಪ್ ಓಡಿಸುವವರು, ಎಸ್ಟೇಟ್ ರೈಟರ್‌ಗಳು (ತೋಟದ ಲೆಕ್ಕ ಬರೆಯುವವರು), ಕುಶಾಲನಗರದಲ್ಲಿ ಅಂಗಡಿ ಇಟ್ಟವರು, ಇವರನ್ನೆಲ್ಲ ಮನಸ್ಸಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ವ್ಯಾಕರಣ ಪುಸ್ತಕದ ಕ್ರಮ ಇಲ್ಲಿಲ್ಲ. ನಮ್ಮವರು ಎಲ್ಲಿ ಜಾಸ್ತಿ ಎಡವುತ್ತಾರೋ ಅಲ್ಲಿ ಜಾಸ್ತಿ ಹೊತ್ತು ನಿಲ್ಲೋಣ.

ಮೊದಲ ಹೆಜ್ಜೆ: 'ಯಾರು' ಅನ್ನೋದನ್ನು ಬಾಯಿಬಿಟ್ಟು ಹೇಳಿ

'ಬಂದೆ' ಅಂದರೆ ಸಾಕು, ನಾನು ಬಂದೆ ಅಂತ ಗೊತ್ತಾಗುತ್ತದೆ. 'ಬಂದಳು' ಅಂದರೆ ಅವಳು. ಕನ್ನಡದ ಕ್ರಿಯಾಪದದ ಕೊನೆಯಲ್ಲೇ ಯಾರು ಅನ್ನೋದು ಕೂತಿರುತ್ತದೆ. ಬಂದೆನು, ಬಂದೆವು, ಬಂದೆ, ಬಂದಿರಿ, ಬಂದನು, ಬಂದಳು, ಬಂದರು, ಬಂತು, ಬಂದವು: ಒಟ್ಟು 9 ರೂಪ. ಇಂಗ್ಲಿಷಿನಲ್ಲಿ ಈ ಒಂಬತ್ತಕ್ಕೂ ಸೇರಿ ಒಂದೇ ಪದ, ಕೇಮ್. ಬರೀ 'ಕೇಮ್' ಅಂದರೆ ಕೇಳುವವನಿಗೆ ಬಂದಿದ್ದು ಯಾರು, ಆನೆಯಾ, ಅಣ್ಣನಾ, ಏನೂ ತಿಳಿಯುವುದಿಲ್ಲ. ಅದಕ್ಕೇ 'ಕಮ್', 'ಸಿಟ್' ಅಂತ ಎದುರಿಗಿರುವವರಿಗೆ ಹೇಳುವ ಮಾತು ಬಿಟ್ಟರೆ, ಇಂಗ್ಲಿಷ್ ವಾಕ್ಯದ ಮುಂದೆ ಐ, ಯು, ಹಿ, ಶಿ, ಇಟ್, ವಿ, ದೇ ಇವುಗಳಲ್ಲಿ ಒಂದು ಅಥವಾ ಒಂದು ಹೆಸರು ಇರಲೇಬೇಕು.

ಮಲಯಾಳ ಬರುವವರಿಗೆ ಇಲ್ಲಿ ಒಂದು ಅನುಕೂಲ ಇದೆ. ಅಲ್ಲಿ ಞಾನ್ ವನ್ನು, ಅವನ್ ವನ್ನು, ಅವರ್ ವನ್ನು, ಎಲ್ಲದಕ್ಕೂ 'ವನ್ನು' ಒಂದೇ. ಕ್ರಿಯಾಪದ ಬದಲಾಗುವುದಿಲ್ಲ. ಇಂಗ್ಲಿಷಿನ 'ಕೇಮ್' ಕೂಡ ಹಾಗೇ.

ನಮ್ಮ ಜೀಪ್ ಡ್ರೈವರ್ ಅಣ್ಣಂದಿರು ಗೆಸ್ಟಿಗೆ ಫೋನ್ ಮಾಡಿ 'ಕೇಮ್ ಸರ್, ವೇಟಿಂಗ್ ಸರ್' ಅನ್ನುತ್ತಾರೆ. ಅಲ್ಲಿಗೆ ಕೆಲಸ ನಡೆಯುತ್ತದೆ, ನಿಜ. ಆದರೆ 'ಐ ಹ್ಯಾವ್ ಕಮ್, ಸರ್. ಐ ಆಮ್ ವೇಟಿಂಗ್ ಅಟ್ ದ ಗೇಟ್' ಅಂದರೆ ಗೆಸ್ಟ್ ತಿರುಗಿ 'ಯಾರು, ಎಲ್ಲಿ' ಅಂತ ಕೇಳುವ ಪ್ರಮೇಯ ಬರುವುದಿಲ್ಲ.

ಇದರ ಜೊತೆಗೆ ಇನ್ನೊಂದು ಇದೆ. ಮಾಡುವವರು ಯಾರೂ ಇಲ್ಲದ ಕಡೆಯೂ ಇಂಗ್ಲಿಷ್ ಒಂದು ಸರ್ವನಾಮ ಕೇಳುತ್ತದೆ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಕ್ಕೆ ಹತ್ತು ಸಲ ಬೇಕಾಗುವ ಮಾತು 'ಮಳೆ ಬರ್ತಾ ಇದೆ'. ಇದನ್ನು 'ರೈನ್ ಈಸ್ ಕಮಿಂಗ್' ಅಂತ ಪದಕ್ಕೆ ಪದ ಇಡುತ್ತೇವೆ. ಅವರು ಹೇಳೋದು 'ಇಟ್ ಈಸ್ ರೇನಿಂಗ್'. ಈ 'ಇಟ್' ಯಾವ ವಸ್ತುವನ್ನೂ ತೋರಿಸುವುದಿಲ್ಲ, ಆ ಜಾಗ ಖಾಲಿ ಇರಬಾರದು ಅಂತ ಕೂತಿದೆ ಅಷ್ಟೇ. ಹವೆ, ದೂರ, ಹೊತ್ತು, ಮೂರಕ್ಕೂ ಇದೇ ಉಪಾಯ. ಚಳಿ ಇದೆ: ಇಟ್ ಈಸ್ ಕೋಲ್ಡ್. ಮಂಜು ಮುಸುಕಿದೆ: ಇಟ್ ಈಸ್ ಮಿಸ್ಟಿ. ಇಲ್ಲಿಂದ ತಲಕಾವೇರಿ ದೂರ: ಇಟ್ ಈಸ್ ಫಾರ್. ಎರಡು ಗಂಟೆ ಹಿಡಿಯುತ್ತದೆ: ಇಟ್ ಟೇಕ್ಸ್ ಟು ಅವರ್ಸ್. ಹೊತ್ತಾಯಿತು: ಇಟ್ ಈಸ್ ಲೇಟ್.

ಹಾಗೇ 'ಇದೆ', 'ಇಲ್ಲ'. ಬಿಸಿನೀರು ಇದೆ ಅನ್ನೋದಕ್ಕೆ 'ಹಾಟ್ ವಾಟರ್ ಈಸ್ ದೇರ್' ಅನ್ನುವುದು ರೂಢಿ. 'ದೇರ್ ಈಸ್ ಹಾಟ್ ವಾಟರ್' ಅಂತ ಮುಂದಕ್ಕೆ ತನ್ನಿ. ಕರೆಂಟ್ ಇಲ್ಲ: ದೇರ್ ಈಸ್ ನೋ ಪವರ್. ನೆಟ್‌ವರ್ಕ್ ಇಲ್ಲ: ದೇರ್ ಈಸ್ ನೋ ನೆಟ್‌ವರ್ಕ್. ಜಿಗಣೆ ಇವೆ: ದೇರ್ ಆರ್ ಲೀಚಸ್. ಒಂದಕ್ಕೆ 'ಈಸ್', ಹೆಚ್ಚಿಗೆ ಇದ್ದರೆ 'ಆರ್'. ಮಳೆಗಾಲದಲ್ಲಿ ಹೋಂಸ್ಟೇ ನಡೆಸುವವರಿಗೆ ಈ ನಾಲ್ಕು ವಾಕ್ಯ ಬಂದರೆ ಅರ್ಧ ದಿನದ ಮಾತು ಸುಲಭ ಆಗುತ್ತದೆ.

ಎರಡನೇ ಹೆಜ್ಜೆ: 'ಆಮ್, ಈಸ್, ಆರ್' ನುಂಗಬೇಡಿ

'ಇವರು ನಮ್ಮ ಅಕ್ಕ.' ಈ ಕನ್ನಡ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ, ಆದರೂ ವಾಕ್ಯ ಪೂರ್ತಿ. ಆ ಅಭ್ಯಾಸದಲ್ಲೇ 'ಶಿ ಮೈ ಸಿಸ್ಟರ್' ಅಂತ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಇಲ್ಲದೆ ವಾಕ್ಯ ನಿಲ್ಲುವುದಿಲ್ಲ. 'ಶಿ ಈಸ್ ಮೈ ಸಿಸ್ಟರ್.' 'ದಿಸ್ ಈಸ್ ಅವರ್ ಎಸ್ಟೇಟ್.' 'ದೀಸ್ ಆರ್ ಪೆಪ್ಪರ್ ವೈನ್ಸ್.'

ಐ ಜೊತೆ ಆಮ್. ಹಿ, ಶಿ, ಇಟ್ ಜೊತೆ ಈಸ್. ಯು, ವಿ, ದೇ ಜೊತೆ ಆರ್. ಹಿಂದಿನದಕ್ಕೆ ವಾಸ್, ವರ್. ಇಂಗ್ಲಿಷಿನಲ್ಲಿ ಅತಿ ಜಾಸ್ತಿ ರೂಪ ಇರುವ ಕ್ರಿಯಾಪದ ಇದೇ: ಬಿ, ಆಮ್, ಈಸ್, ಆರ್, ವಾಸ್, ವರ್, ಬೀಯಿಂಗ್, ಬೀನ್, ಒಟ್ಟು 8. ಮಿಕ್ಕ ಮಾಮೂಲಿ ಕ್ರಿಯಾಪದಗಳಿಗೆ ಹೆಚ್ಚೆಂದರೆ 5 ರೂಪ. ಗೋ, ಗೋಸ್, ಗೋಯಿಂಗ್, ವೆಂಟ್, ಗಾನ್, ಮುಗಿಯಿತು. 'ಪುಟ್' ಅನ್ನೋದಕ್ಕೆ ಮೂರೇ. ಕನ್ನಡದಲ್ಲಿ ಒಂದೊಂದು ಕ್ರಿಯಾಪದಕ್ಕೂ ಎಷ್ಟೊಂದು ರೂಪ ಸಲೀಸಾಗಿ ಬಳಸುವ ನಾವು ಈ ಐದಕ್ಕೆ ಹೆದರಬೇಕಾಗಿಲ್ಲ.

ಪರಿಚಯ ಮಾಡಿಕೊಳ್ಳುವಾಗ 'ಮೈಸೆಲ್ಫ್ ಪೊನ್ನಪ್ಪ' ಅನ್ನುವುದನ್ನು ಬಿಡಿ. 'ಐ ಆಮ್ ಪೊನ್ನಪ್ಪ', ಸಾಕು. 'ಮೈಸೆಲ್ಫ್' ಇರೋದು ನಾನೇ ಸ್ವತಃ ಅನ್ನೋದಕ್ಕೆ: 'ಐ ರೋಸ್ಟೆಡ್ ದಿಸ್ ಕಾಫಿ ಮೈಸೆಲ್ಫ್'.

ಮೂರನೇ ಹೆಜ್ಜೆ: 'ನನಗೆ' ಅನ್ನೋದನ್ನು 'ಐ' ಮಾಡಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ನನ್ನ ಪ್ರಕಾರ ನಮ್ಮವರಿಗೆ ಅತಿ ಹೆಚ್ಚು ಕಷ್ಟ ಕೊಡುವ ಜಾಗ ಇದು. ಶಾಲೆಯಲ್ಲಿ ಇದನ್ನು ಬಿಡಿಸಿ ಹೇಳಿಕೊಡುವುದು ಅಪರೂಪ.

ನಮಗೆ ಹಸಿವು ಆಗುತ್ತದೆ, ಚಳಿ ಆಗುತ್ತದೆ, ಭಯ ಆಗುತ್ತದೆ. ನಮಗೆ ಗೊತ್ತಿರುತ್ತದೆ, ಬೇಕಾಗಿರುತ್ತದೆ, ಇಷ್ಟ ಆಗುತ್ತದೆ, ನೆನಪಿರುತ್ತದೆ. ನಮಗೆ ಮಕ್ಕಳಿರುತ್ತಾರೆ, ತೋಟ ಇರುತ್ತದೆ, ಜ್ವರ ಬರುತ್ತದೆ. ಎಲ್ಲ ಕಡೆ 'ನನಗೆ', 'ನಮಗೆ'. ಇಂಗ್ಲಿಷಿನಲ್ಲಿ ಇವೆಲ್ಲ 'ಐ' ಅಥವಾ 'ವಿ' ಇಂದಲೇ ಶುರುವಾಗುತ್ತವೆ. ಹಾಗಾಗಿ 'ಟು ಮಿ', 'ಫಾರ್ ಮಿ' ಅಂತ ಶುರು ಮಾಡಿದರೆ ಆ ವಾಕ್ಯ ಮುಂದೆ ಹೋಗೋದೇ ಇಲ್ಲ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಐ ಅಂದ ಮೇಲೆ ಏನು ಹಾಕಬೇಕು? ಮೂರು ದಾರಿ.

ಮೈಗೆ ಮನಸ್ಸಿಗೆ ಆಗುವ ಸ್ಥಿತಿಯಾದರೆ 'ಆಮ್'. ನನಗೆ ಹಸಿವು: ಐ ಆಮ್ ಹಂಗ್ರಿ. ನನಗೆ ಚಳಿ: ಐ ಆಮ್ ಕೋಲ್ಡ್. ನನಗೆ ನಿದ್ದೆ ಬರ್ತಾ ಇದೆ: ಐ ಆಮ್ ಸ್ಲೀಪಿ. ಮಗುವಿಗೆ ಆನೆ ಅಂದರೆ ಭಯ: ದ ಚೈಲ್ಡ್ ಈಸ್ ಅಫ್ರೇಡ್ ಆಫ್ ಎಲಿಫೆಂಟ್ಸ್. ಸುಸ್ತಾಗಿದೆ: ಐ ಆಮ್ ಟಯರ್ಡ್.

ಇರುವ ವಸ್ತು, ಸಂಬಂಧ, ಕಾಯಿಲೆ ಆದರೆ 'ಹ್ಯಾವ್'. ನನಗೆ ಇಬ್ಬರು ಮಕ್ಕಳು: ಐ ಹ್ಯಾವ್ ಟು ಚಿಲ್ಡ್ರನ್. ನಮಗೆ ಐದು ಎಕರೆ ರೊಬಸ್ಟಾ ಇದೆ: ವಿ ಹ್ಯಾವ್ ಫೈವ್ ಏಕರ್ಸ್ ಆಫ್ ರೊಬಸ್ಟಾ. ಅವರಿಗೆ ಶುಗರ್ ಇದೆ: ಹಿ ಹ್ಯಾಸ್ ಡಯಾಬಿಟಿಸ್. ನನಗೆ ತಲೆನೋವು: ಐ ಹ್ಯಾವ್ ಎ ಹೆಡೇಕ್. 'ನನ್ನ ಹತ್ತಿರ ಚಿಲ್ಲರೆ ಇಲ್ಲ' ಅನ್ನೋದೂ ಇಲ್ಲಿಗೇ ಸೇರಿತು: ಐ ಡೋಂಟ್ ಹ್ಯಾವ್ ಚೇಂಜ್. 'ಹತ್ತಿರ' ಇದೆ ಅಂತ 'ನಿಯರ್ ಮಿ' ಹಾಕಬೇಡಿ.

ಮೂರನೇದು, ಅದಕ್ಕೇ ಅಂತ ಒಂದು ಸ್ವಂತ ಕ್ರಿಯಾಪದ ಇರುವ ಮಾತುಗಳು. ಬೇಕು: ಐ ವಾಂಟ್, ಐ ನೀಡ್. ಇಷ್ಟ: ಐ ಲೈಕ್. ನೆನಪಿದೆ: ಐ ರಿಮೆಂಬರ್. ಅರ್ಥ ಆಗುತ್ತದೆ: ಐ ಅಂಡರ್‌ಸ್ಟ್ಯಾಂಡ್. ಕಾಣಿಸುತ್ತದೆ: ಐ ಕ್ಯಾನ್ ಸಿ. 'ಬರುತ್ತದೆ' ಅನ್ನೋದು ಕಲಿತ ವಿದ್ಯೆಯ ಬಗ್ಗೆ ಇದ್ದರೆ ಕ್ಯಾನ್: ನನಗೆ ಈಜು ಬರುತ್ತದೆ, ಐ ಕ್ಯಾನ್ ಸ್ವಿಮ್. ನನಗೆ ಸ್ವಲ್ಪ ಇಂಗ್ಲಿಷ್ ಬರುತ್ತದೆ: ಐ ಸ್ಪೀಕ್ ಎ ಲಿಟ್ಲ್ ಇಂಗ್ಲಿಷ್. 'ಇಂಗ್ಲಿಷ್ ಕಮ್ಸ್' ಅಲ್ಲ.

'ಸಿಕ್ಕಿತು' ಮಾತ್ರ ಸ್ವಲ್ಪ ಜಾಣ್ಮೆ ಕೇಳುತ್ತದೆ. ಕನ್ನಡದಲ್ಲಿ ಎಲ್ಲದಕ್ಕೂ ಅದೊಂದೇ. ಬಸ್ಸು ಸಿಕ್ಕಿತು: ಐ ಗಾಟ್ ದ ಬಸ್. ಕಳೆದುಹೋದ ಬೀಗದಕೈ ಸಿಕ್ಕಿತು: ಐ ಫೌಂಡ್ ದ ಕೀ. ಶುಕ್ರವಾರದ ಸಂತೆಯಲ್ಲಿ ಚಿಕ್ಕಪ್ಪ ಸಿಕ್ಕಿದರು: ಐ ಮೆಟ್ ಮೈ ಅಂಕಲ್ ಅಟ್ ದ ಮಾರ್ಕೆಟ್. ಪಡೆದದ್ದು ಗಾಟ್, ಹುಡುಕಿ ಕಂಡದ್ದು ಫೌಂಡ್, ಮನುಷ್ಯರಾದರೆ ಮೆಟ್.

ಎರಡನೇ, ಮೂರನೇ ದಾರಿಯ ಪದಗಳಿಗೆ 'ಇಂಗ್' ಸೇರಿಸುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. 'ಐ ಆಮ್ ನೋಯಿಂಗ್ ದ ರೋಡ್', 'ಐ ಆಮ್ ವಾಂಟಿಂಗ್', 'ಐ ಆಮ್ ಹ್ಯಾವಿಂಗ್ ಟು ಚಿಲ್ಡ್ರನ್'. ಗೊತ್ತಿರುವುದು, ಬೇಕಾಗಿರುವುದು, ಇರುವುದು, ಇವು ನಡೆಯುತ್ತಿರುವ ಕೆಲಸಗಳಲ್ಲ. ಅವಕ್ಕೆ 'ಇಂಗ್' ಬೇಡ.

ಈಗ ಒಂದು ಕೆಲಸ ಮಾಡಿ. ಒಂದು ಹಾಳೆ ತೆಗೆದುಕೊಂಡು 'ನನಗೆ', 'ನಮಗೆ', 'ಅವರಿಗೆ' ಅಂತ ಶುರುವಾಗುವ ನಿಮ್ಮದೇ ಮಾತುಗಳನ್ನು ಬರೆಯಿರಿ. ಪುಸ್ತಕದ್ದಲ್ಲ, ಇವತ್ತು ಬೆಳಗ್ಗೆಯಿಂದ ನೀವು ಮನೆಯಲ್ಲಿ, ತೋಟದಲ್ಲಿ, ಅಂಗಡಿಯಲ್ಲಿ ನಿಜವಾಗಿ ಆಡಿದ್ದು. ಪ್ರತಿಯೊಂದರ ಎದುರು ಯಾವ ದಾರಿ ಅಂತ ಗುರುತು ಹಾಕಿ, ಆಮೇಲೆ ಇಂಗ್ಲಿಷಿನಲ್ಲಿ ಜೋರಾಗಿ ಹೇಳಿ. ಮನಸ್ಸಿನಲ್ಲೇ ಓದಿದರೆ ಪ್ರಯೋಜನ ಇಲ್ಲ, ಬಾಯಿಗೆ ಅಭ್ಯಾಸ ಆಗಬೇಕು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರ ಹತ್ತಿರ ಒಂದು ಸಲ ತೋರಿಸಿ.

ನಾಲ್ಕನೇ ಹೆಜ್ಜೆ: ದಿನಾ ಮಾಡೋದು, ಈಗ ಮಾಡ್ತಿರೋದು, ನಾಳೆ ಮಾಡೋದು

'ಜೀಪ್ ಐದು ಗಂಟೆಗೆ ಬರುತ್ತದೆ.' ಈ ಕನ್ನಡ ಮಾತು ದಿನಾ ಬರುವುದಕ್ಕೂ ಆಗುತ್ತದೆ, ನಾಳೆ ಒಂದು ದಿನ ಬರುವುದಕ್ಕೂ ಆಗುತ್ತದೆ. ಸಂದರ್ಭ ನೋಡಿ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ರೂಪ. ದಿನಾ ಆದರೆ 'ದ ಜೀಪ್ ಕಮ್ಸ್ ಅಟ್ ಫೈವ್'. ನಾಳೆ ನಿಮ್ಮನ್ನು ಕರೆದುಕೊಂಡು ಹೋಗಲು ಆದರೆ 'ದ ಜೀಪ್ ವಿಲ್ ಕಮ್ ಅಟ್ ಫೈವ್'. ಈಗ ದಾರಿಯಲ್ಲಿದೆ ಅಂದರೆ 'ದ ಜೀಪ್ ಈಸ್ ಕಮಿಂಗ್'.

ಸುಮ್ನೆ ಎಲ್ಲದಕ್ಕೂ 'ಇಂಗ್' ಹಾಕುವುದು ಸುಲಭ ಅನ್ನಿಸುತ್ತದೆ. ತೋಟ ತೋರಿಸುತ್ತಾ 'ವಿ ಆರ್ ಗ್ರೋಯಿಂಗ್ ಕಾಫಿ, ವಿ ಆರ್ ಪಿಕಿಂಗ್ ಇನ್ ಡಿಸೆಂಬರ್' ಅನ್ನುತ್ತೇವೆ. ವರ್ಷಾವರ್ಷ ನಡೆಯುವ ಮಾತಿಗೆ ಬರೀ ಕ್ರಿಯಾಪದ ಸಾಕು. ತೋಟದಲ್ಲಿ ಗೆಸ್ಟ್ ಜೊತೆ ನಡೆಯುವಾಗ ಹೇಳುವ ಮಾತು ಪೂರ್ತಿ ಹೀಗೆ ಕಟ್ಟಬಹುದು:

'ವಿ ಗ್ರೋ ಅರೇಬಿಕಾ ಅಂಡ್ ರೊಬಸ್ಟಾ. ಕಾಫಿ ಗ್ರೋಸ್ ಅಂಡರ್ ಶೇಡ್ ಟ್ರೀಸ್. ಪೆಪ್ಪರ್ ಕ್ಲೈಂಬ್ಸ್ ದ ಸಿಲ್ವರ್ ಓಕ್. ದ ಪ್ಲಾಂಟ್ಸ್ ಫ್ಲವರ್ ಆಫ್ಟರ್ ದ ಬ್ಲಾಸಮ್ ಶವರ್ಸ್. ದ ಫ್ಲವರ್ಸ್ ಓಪನ್ ಇನ್ ಎಯ್ಟ್ ಟು ಟೆನ್ ಡೇಸ್. ವಿ ಪಿಕ್ ಅರೇಬಿಕಾ ಫಸ್ಟ್, ದೆನ್ ರೊಬಸ್ಟಾ. ವಿ ಡ್ರೈ ದ ಬೆರೀಸ್ ಇನ್ ದ ಸನ್.'

ಒಂದೇ ಒಂದು 'ಇಂಗ್' ಇಲ್ಲ ನೋಡಿ. ಹೂಮಳೆ ಬಿದ್ದ ಮೇಲೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುವುದು, ಮೊದಲು ಅರೇಬಿಕಾ ಕೊಯ್ಲು, ಆಮೇಲೆ ರೊಬಸ್ಟಾ, ಕಣದಲ್ಲಿ ಒಣಗಿಸುವುದು, ಎಲ್ಲವೂ ಸಣ್ಣ ಸಣ್ಣ ವಾಕ್ಯದಲ್ಲಿ ಬಂತು. ಅದೇ ಜನವರಿಯಲ್ಲಿ ಆಳುಗಳು ಎದುರಿಗೇ ಕೊಯ್ಯುತ್ತಿದ್ದರೆ ಆಗ ಕೈ ತೋರಿಸಿ 'ದೇ ಆರ್ ಪಿಕಿಂಗ್ ರೊಬಸ್ಟಾ ನೌ' ಅನ್ನಿ. ಇಂಗ್ ಇರುವುದು ಈ ಗಳಿಗೆಗೆ.

ಮೇಲಿನ ಮಾತಿನಲ್ಲಿ ಇನ್ನೊಂದು ಗಮನಿಸಿ. 'ವಿ ಗ್ರೋ', ಆದರೆ 'ಕಾಫಿ ಗ್ರೋಸ್'. ಹಿ, ಶಿ, ಇಟ್ ಅಥವಾ ಒಬ್ಬರ, ಒಂದರ ಹೆಸರು ಬಂದಾಗ ಕೊನೆಗೆ 'ಎಸ್' ಸೇರುತ್ತದೆ. ಕನ್ನಡದಲ್ಲಿ ಎಲ್ಲರಿಗೂ ಕೊನೆ ಬದಲಾಗುತ್ತದೆ, ಇಂಗ್ಲಿಷಿನಲ್ಲಿ ಇವರಿಗೆ ಮಾತ್ರ. 'ದ ಕಾವೇರಿ ರೈಸಸ್ ಅಟ್ ತಲಕಾವೇರಿ.' 'ಮೈ ವೈಫ್ ಮೇಕ್ಸ್ ಕಡಂಬುಟ್ಟು' (ಅಕ್ಕಿ ಕಡುಬು). 'ದ ಬಸ್ ಗೋಸ್ ಟು ಭಾಗಮಂಡಲ.'

ಪ್ರಶ್ನೆ ಕೇಳುವಾಗ, ಇಲ್ಲ ಅನ್ನುವಾಗ ಈ 'ಎಸ್' ಕ್ರಿಯಾಪದವನ್ನು ಬಿಟ್ಟು 'ಡು' ಹತ್ತಿರ ಹೋಗಿ 'ಡಸ್' ಆಗುತ್ತದೆ. 'ಡಸ್ ದ ಬಸ್ ಗೋ ಟು ಭಾಗಮಂಡಲ?' 'ಇಟ್ ಡಸಂಟ್ ಗೋ.' ಇಬ್ಬರಿಗೆ ಒಂದೇ ಕೊಡೆ ಇದ್ದ ಹಾಗೆ: ಡಸ್ ಹಿಡಿದರೆ ಗೋ ಕೈ ಖಾಲಿ. 'ಡಸ್ ಇಟ್ ಗೋಸ್' ಅಂತ ಇಬ್ಬರ ಕೈಯಲ್ಲೂ ಕೊಡಬೇಡಿ.

'ಡಿಡ್' ಕೂಡ ಇದೇ ನಿಯಮ. ಹಿಂದಿನ ಕಾಲವನ್ನು ಡಿಡ್ ಹೊತ್ತುಕೊಂಡ ಮೇಲೆ ಮುಂದಿನ ಪದ ಮೂಲ ರೂಪಕ್ಕೆ ಬರಬೇಕು. ಬೆಳಗ್ಗೆ ಗೆಸ್ಟಿಗೆ 'ಡಿಡ್ ಯು ಸ್ಲೀಪ್ ವೆಲ್?' ಅಂತ ಕೇಳಿ. 'ಡಿಡ್ ಯು ಸ್ಲೆಪ್ಟ್' ಅಲ್ಲ. 'ಐ ಡಿಡಂಟ್ ಸಿ ದ ಎಲಿಫೆಂಟ್', 'ಡಿಡಂಟ್ ಸಾ' ಅಲ್ಲ.

ನಿನ್ನೆ, ಮೊನ್ನೆ, ಹೋದ ವರ್ಷ, ಇಂಥ ಇಸವಿ ಅಂತ ಕಾಲ ಹೇಳಿದರೆ 'ಹ್ಯಾವ್, ಹ್ಯಾಸ್' ಬಿಟ್ಟುಬಿಡಿ. 'ಎನ್ ಎಲಿಫೆಂಟ್ ಹ್ಯಾಸ್ ಕಮ್ ಲಾಸ್ಟ್ ನೈಟ್' ಅಂತ ತೋಟಕ್ಕೆ ಆನೆ ನುಗ್ಗಿದ್ದನ್ನು ಹೇಳುತ್ತೇವೆ. 'ಎನ್ ಎಲಿಫೆಂಟ್ ಕೇಮ್ ಲಾಸ್ಟ್ ನೈಟ್' ಸರಿ. ಮಡಿಕೇರಿಯಲ್ಲಿ ಗೆಸ್ಟಿಗೆ ನಮ್ಮ ಜನರಲ್‌ಗಳ ಬಗ್ಗೆ ಹೇಳುವಾಗಲೂ ಹೀಗೇ. 'ಜನರಲ್ ತಿಮ್ಮಯ್ಯ ವಾಸ್ ಬಾರ್ನ್ ಇನ್ ಮಡಿಕೇರಿ ಇನ್ 1906.' 'ಜನರಲ್ ಕಾರ್ಯಪ್ಪ ಬಿಕೇಮ್ ದ ಫಸ್ಟ್ ಇಂಡಿಯನ್ ಕಮಾಂಡರ್-ಇನ್-ಚೀಫ್ ಆನ್ 15 ಜನವರಿ 1949.' ಆ ದಿನವನ್ನೇ ಸೇನಾ ದಿನ ಅಂತ ಆಚರಿಸುವುದು. 'ಹ್ಯಾಸ್ ಬಿಕಮ್' ಅಂದರೆ ಮೊನ್ನೆ ಮೊನ್ನೆ ಆದ ಹಾಗೆ ಕೇಳಿಸುತ್ತದೆ.

ಐದನೇ ಹೆಜ್ಜೆ: ದೊಡ್ಡವರಿಗೆ 'ದೇ' ಬೇಡ

ಹೋಂಸ್ಟೇ ಹಾಲ್‌ನಲ್ಲಿ ಗೋಡೆ ಮೇಲೆ ಒಂದು ಫೋಟೋ. ಕುಪ್ಯ (ಕೊಡವರ ಉದ್ದ ಕೋಟು), ಚೇಲೆ (ಸೊಂಟಪಟ್ಟಿ), ಸೊಂಟದಲ್ಲಿ ಪೀಚೆಕತ್ತಿ, ಗಂಭೀರವಾಗಿ ನಿಂತ ಒಬ್ಬರು. ಗೆಸ್ಟ್ 'ಹೂ ಈಸ್ ದಿಸ್?' ಅಂತ ಕೇಳುತ್ತಾರೆ. ಮನೆಯವರು ಹೆಮ್ಮೆಯಿಂದ ಹೇಳುತ್ತಾರೆ, 'ದೇ ಆರ್ ಮೈ ಗ್ರಾಂಡ್‌ಫಾದರ್. ದೇ ವರ್ ಇನ್ ದ ಆರ್ಮಿ.' ಗೆಸ್ಟ್ ಫೋಟೋದಲ್ಲಿ ಇನ್ನೊಬ್ಬರು ಎಲ್ಲಿದ್ದಾರೆ ಅಂತ ಹುಡುಕುತ್ತಾರೆ.

ತಪ್ಪು ಎಲ್ಲಿಂದ ಬಂತು ಅಂತ ನಮಗೆ ಗೊತ್ತು. ಅಜ್ಜನಿಗೆ 'ಅವನು' ಅನ್ನಲು ಬಾಯಿ ಬರುವುದಿಲ್ಲ. ಬರಬಾರದು ಕೂಡ, ಕನ್ನಡದಲ್ಲಿ. ಆದರೆ ಇಂಗ್ಲಿಷಿನ 'ಹಿ' ಏಕವಚನದ ಅಗೌರವ ಅಲ್ಲ. ಅವನು, ಅವರು, ಎರಡೂ ಅದರಲ್ಲೇ ಇದೆ. ರಾಷ್ಟ್ರಪತಿಗೂ ಹಿ ಅಥವಾ ಶಿ, ಮನೆಯ ಪುಟ್ಟ ಮಗುವಿಗೂ ಹಿ ಅಥವಾ ಶಿ. 'ಹಿ ಈಸ್ ಮೈ ಗ್ರಾಂಡ್‌ಫಾದರ್. ಹಿ ವಾಸ್ ಇನ್ ದ ಆರ್ಮಿ.' ಇದನ್ನು ಹೇಳುವಾಗ ಮನಸ್ಸಿಗೆ ಮುಜುಗರ ಬೇಡ. ಗೌರವ ತೋರಿಸಲು ಅವರಿಗೆ ಬೇರೆ ದಾರಿಗಳಿವೆ: ಸರ್, ಮೇಡಮ್, ಹೆಸರಿಗೆ ಮೊದಲು ಮಿಸ್ಟರ್, 'ಗಿವ್' ಅನ್ನೋ ಬದಲು 'ಕುಡ್ ಯು ಗಿವ್', 'ಸಿಟ್' ಅನ್ನೋ ಬದಲು 'ಪ್ಲೀಸ್ ಹ್ಯಾವ್ ಎ ಸೀಟ್'. ಒಳಗಿನ ಮರ್ಯಾದೆಯನ್ನು ಅಲ್ಲಿ ತೋರಿಸಿ.

ಎದುರಿಗಿರುವವರಿಗೆ 'ಯು' ಒಂದೇ. ಒಬ್ಬರಾದರೂ, ಇಡೀ ಬಸ್ ಜನ ಆದರೂ ಯು ಆರ್. ಹಿಂದೆ ಇಂಗ್ಲಿಷಿನಲ್ಲೂ ನೀನು, ನೀವು ಬೇರೆ ಇತ್ತು. 'ದೌ' ಏಕವಚನ, 'ಯು' ಬಹುವಚನ. 1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಆ 'ದೌ' ಉದ್ದಕ್ಕೂ ಸಿಗುತ್ತದೆ. ಆಮೇಲೆ ನೀವು ಅನ್ನೋದೇ ಎಲ್ಲರಿಗೂ ನಿಂತು, ನೀನು ಮಾತಿನಿಂದ ಬಿಟ್ಟುಹೋಯಿತು. ಹಾಗಾಗಿ ಯು ಅಂದಾಗಲೆಲ್ಲ ನೀವು ಮರ್ಯಾದೆಯ ರೂಪವನ್ನೇ ಬಳಸುತ್ತಿದ್ದೀರಿ.

'ದೇ' ಒಬ್ಬರಿಗೆ ಬಳಸುವ ಸಂದರ್ಭವೂ ಒಂದಿದೆ. ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬರ ಬಗ್ಗೆ ಹೇಳುವಾಗ. 'ಸಮ್‌ವನ್ ಲೆಫ್ಟ್ ದೇರ್ ಬ್ಯಾಗ್ ಇನ್ ದ ಜೀಪ್', ಯಾರೋ ಜೀಪಿನಲ್ಲಿ ಬ್ಯಾಗ್ ಬಿಟ್ಟಿದ್ದಾರೆ. ಇದು ಪೂರ್ತಿ ಸರಿ. ಕೆಲವರು ತಮ್ಮನ್ನು ಹಿ, ಶಿ ಬದಲು ದೇ ಅಂತಲೇ ಕರೆಯಿರಿ ಅನ್ನುವುದೂ ಉಂಟು. ಗೆಸ್ಟ್ ಹಾಗೆ ಹೇಳಿದರೆ ಹಾಗೇ ಕರೆಯಿರಿ. 2015ರಲ್ಲಿ ಅಮೆರಿಕನ್ ಡಯಲೆಕ್ಟ್ ಸೊಸೈಟಿ ವರ್ಷದ ಪದ ಅಂತ ಆರಿಸಿದ್ದು ಒಬ್ಬರಿಗೆ ಬಳಸುವ ಈ 'ದೇ'ಯನ್ನೇ. ಅಂಥ ಕಡೆ ಕೂಡ 'ದೇ ಈಸ್' ಅಲ್ಲ, 'ದೇ ಆರ್'.

ಆರನೇ ಹೆಜ್ಜೆ: ಕೊನೆಯ 'ಇಟ್' ಬಿಡಬೇಡಿ

ಮಿ, ಹಿಮ್, ಹರ್, ಅಸ್, ದೆಮ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕ್ರಿಯಾಪದದ ನಂತರ, ಮತ್ತು ವಿತ್, ಫಾರ್, ಟು ಇವುಗಳ ನಂತರ ಬರುವ ರೂಪ ಇವು. ಫಾಲೋ ಮಿ. ಕಾಲ್ ಹಿಮ್. ಕಮ್ ವಿತ್ ಅಸ್. ನನ್ನನ್ನು, ನನಗೆ, ಎರಡಕ್ಕೂ ಮಿ. ಇದು ನಮ್ಮವರಿಗೆ ಬೇಗ ಬರುತ್ತದೆ.

ಬರದೇ ಇರುವುದು 'ಇಟ್'. ಕನ್ನಡದಲ್ಲಿ ಯಾವುದರ ಬಗ್ಗೆ ಮಾತು ಅಂತ ಗೊತ್ತಿದ್ದರೆ ಅದನ್ನು ಮತ್ತೆ ಹೇಳುವುದಿಲ್ಲ. 'ಅಕ್ಕಿ ಒಟ್ಟಿ ಇಷ್ಟ ಆಯ್ತಾ?' 'ಆಯ್ತು.' 'ಟವೆಲ್ ಬೇಕು.' 'ತರ್ತೀನಿ.' ಇದೇ ಹಾದಿಯಲ್ಲಿ 'ಡಿಡ್ ಯು ಲೈಕ್?', 'ಐ ವಿಲ್ ಬ್ರಿಂಗ್' ಅಂತ ನಿಲ್ಲಿಸುತ್ತೇವೆ. ಇಂಗ್ಲಿಷ್ ಕಿವಿಗೆ ಅದು ಅರ್ಧಕ್ಕೆ ನಿಂತ ಹಾಗೆ. 'ಡಿಡ್ ಯು ಲೈಕ್ ಇಟ್?' 'ಐ ವಿಲ್ ಬ್ರಿಂಗ್ ಇಟ್.' 'ಕಡಂಬುಟ್ಟು? ಯು ಈಟ್ ದೆಮ್ ವಿತ್ ಪಂದಿ ಕರಿ.' ಲೈಕ್, ವಾಂಟ್, ಬ್ರಿಂಗ್, ಟೇಕ್, ಪುಟ್, ಗಿವ್, ಈ ಆರರ ನಂತರ ಏನೋ ಒಂದು ಇರಲೇಬೇಕು ಅಂತ ನೆನಪಿಟ್ಟುಕೊಳ್ಳಿ. ಹೆಸರು ಇಲ್ಲದಿದ್ದರೆ ಇಟ್ ಅಥವಾ ದೆಮ್.

ಏಳನೇ ಹೆಜ್ಜೆ: ಪ್ರಶ್ನೆ, ಮತ್ತೆ ನಮ್ಮ 'ಅಲ್ವಾ'

'ವೇರ್ ಯು ಆರ್ ಗೋಯಿಂಗ್?' ಅಂತ ಕೇಳುತ್ತೇವೆ. ಪ್ರಶ್ನೆಯಲ್ಲಿ ಸಹಾಯದ ಪದ (ಆರ್, ವಿಲ್, ಡಸ್ ಇಂಥವು) 'ಯಾರು' ಅನ್ನೋದಕ್ಕಿಂತ ಮೊದಲು ಬರಬೇಕು: ವೇರ್ ಆರ್ ಯು ಗೋಯಿಂಗ್? ವಾಟ್ ಟೈಮ್ ವಿಲ್ ಯು ಕಮ್? ಹೌ ಮೆನಿ ಡೇಸ್ ಆರ್ ಯು ಸ್ಟೇಯಿಂಗ್? ಆದರೆ ಪ್ರಶ್ನೆ ಇನ್ನೊಂದು ವಾಕ್ಯದ ಒಳಗೆ ಸೇರಿದರೆ ಮತ್ತೆ ಮಾಮೂಲಿ ಕ್ರಮ: ಡು ಯು ನೋ ವೇರ್ ಹಿ ಈಸ್?

ಅಲ್ವಾ ಅನ್ನೋದು ಕನ್ನಡದಲ್ಲಿ ಯಾವ ಮಾತಿಗೂ ಅಂಟುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಒಂದೇ ಪದ ಇಲ್ಲ. ಆಗಲೇ ಹೇಳಿದ ವಾಕ್ಯದ ಸಹಾಯದ ಪದವನ್ನೇ ತಿರುವಿ ಹಾಕಬೇಕು. 'ಯು ಆರ್ ಫ್ರಮ್ ಚೆನ್ನೈ, ಆರಂಟ್ ಯು?' 'ಹಿ ಡ್ರೈವ್ಸ್ ವೆಲ್, ಡಸಂಟ್ ಹಿ?' 'ವಿ ಕ್ಯಾನ್ ಗೋ ಟುಮಾರೋ, ಕಾಂಟ್ ವಿ?' ಮಾತಿನ ರಭಸದಲ್ಲಿ ಇದು ಕಷ್ಟ. ಎಲ್ಲದಕ್ಕೂ 'ಇಸಂಟ್ ಇಟ್' ಸೇರಿಸುವ ಬದಲು ಕೊನೆಗೆ 'ರೈಟ್?' ಅನ್ನಿ. 'ಯು ಆರ್ ಫ್ರಮ್ ಚೆನ್ನೈ, ರೈಟ್?' ಎಲ್ಲ ಕಡೆ ನಡೆಯುತ್ತದೆ, ತಪ್ಪೂ ಅಲ್ಲ.

ಇನ್ನು ಹೌದು, ಇಲ್ಲದ ವಿಷಯ. ಇದು ಊಟದ ಟೇಬಲ್ ಮೇಲೆ ನಿಜವಾದ ತೊಂದರೆ ತರುತ್ತದೆ. ಕನ್ನಡದಲ್ಲಿ 'ನೀವು ಹಂದಿ ಮಾಂಸ ತಿನ್ನಲ್ವಾ?' ಅಂತ ಕೇಳಿದರೆ ತಿನ್ನದವರು 'ಹೌದು, ತಿನ್ನಲ್ಲ' ಅನ್ನಬಹುದು. ನೀವು ಹೇಳಿದ್ದು ಸರಿ ಅಂತ ಅರ್ಥ. ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ಕೇಳಿದವರ ಮಾತಿಗಲ್ಲ, ವಿಷಯಕ್ಕೆ. 'ಡೋಂಟ್ ಯು ಈಟ್ ಪೋರ್ಕ್?' ಅಂದರೆ ತಿನ್ನದವರು ಹೇಳೋದು 'ನೋ, ಐ ಡೋಂಟ್'. ತಿನ್ನುವವರು 'ಯೆಸ್, ಐ ಡು'. ನಾವು ಕೇಳಿಸಿಕೊಳ್ಳುವುದು ಕನ್ನಡದ ಕಿವಿಯಲ್ಲಿ. ಆ 'ನೋ' ನಮಗೆ 'ಇಲ್ಲ ಇಲ್ಲ, ತಿಂತೀನಿ' ಅಂತ ಕೇಳಿಸುತ್ತದೆ. ತಿನ್ನದವರ ತಟ್ಟೆಗೆ ಪಂದಿ ಕರಿ ಬೀಳುತ್ತದೆ.

ನೀವು ಉತ್ತರ ಕೊಡುವಾಗ ಯೆಸ್ ಜೊತೆ 'ಡೋಂಟ್' ಬರಬಾರದು, ನೋ ಜೊತೆ ಬರೀ 'ಡು' ಬರಬಾರದು. ನೀವು ಕೇಳುವಾಗ ಇನ್ನೂ ಸುಲಭದ ದಾರಿ ಇದೆ: ಡೋಂಟ್ ಹಾಕಿ ಕೇಳಲೇಬೇಡಿ. ಗೆಸ್ಟ್ ಬಂದು ಕಾಫಿ ಕುಡಿಯುವ ಹೊತ್ತಿಗೇ, ಅಡುಗೆ ಶುರು ಮಾಡುವ ಮೊದಲು, 'ಡು ಯು ಈಟ್ ಪೋರ್ಕ್?' ಅಂತ ನೇರ ಕೇಳಿ. ಯೆಸ್ ಅಂದರೆ ತಿನ್ನುತ್ತಾರೆ, ನೋ ಅಂದರೆ ತಿನ್ನುವುದಿಲ್ಲ. ಬೀಫ್, ಮೊಟ್ಟೆ, ಕಡಲೆಕಾಯಿ ಅಲರ್ಜಿ, ಎಲ್ಲವನ್ನೂ ಹೀಗೇ ಒಂದೊಂದಾಗಿ ಕೇಳಿ ಬರೆದಿಟ್ಟುಕೊಳ್ಳಿ. ಅಡುಗೆಮನೆಯಲ್ಲಿ ಇರುವವರಿಗೆ ಆ ಚೀಟಿಯನ್ನು ಕನ್ನಡದಲ್ಲೇ ಕೊಡಿ.